ಸಾವನದುರ್ಗದ ಮಗ್ಗುಲಿಗೆ ಬಾನುಲಿ ಬಂದ ದಾರಿ



ಈ ದಿನ ಗೊಬ್ಬರದ ಮಾತಿಲ್ಲ, ಬೀಜದ ಮಾತೂ ಇಲ್ಲ. ಆ ಮಾತುಗಳನ್ನೆಲ್ಲ ನಿಮ್ಮ ಹಟ್ಟಿಯ ಬಾಗಿಲಿನವರೆಗೆ ಹೊತ್ತು ತಂದ ಪೆಟ್ಟಿಗೆ ಇದೆಯಲ್ಲ, ಅದರ ಚರಿತ್ರೆಯನ್ನು ಹೇಳುತ್ತೇವೆ. "ರೇಡಿಯೋ ಕಾಲ ಮುಗೀತು ಬಿಡಿ ಸ್ವಾಮಿ" ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಈಚಿನ ಹದಿನೈದು ವರ್ಷಗಳಲ್ಲಿ ಪೆಟ್ಟಿಗೆಗೆ ಮಾತು ಕಳಿಸುವ ಕಂಬದಲ್ಲಿ ದೊಡ್ಡದೊಂದು ಬದಲಾವಣೆ ನಡೆದುಹೋಗಿದೆ. ಹಳ್ಳಿಯಲ್ಲಿ ಬಹುಮಂದಿಗೆ ಅದು ಗೊತ್ತೇ ಆಗಲಿಲ್ಲ. ಯಾಕೆ ಗೊತ್ತಾಗಲಿಲ್ಲ ಅನ್ನುವುದರಲ್ಲೇ ಇದೆ ನೋಡಿ ವಿಷಯ.

ಮೊದಲು ಬೆಟ್ಟದ ಹತ್ತಿರ ಹೋಗೋಣ. ಮಾಗಡಿ ಸೀಮೆಯ ಸಾವನದುರ್ಗ ನಿಮಗೇನು ಹೊಸದಲ್ಲ. ಸಮುದ್ರ ಮಟ್ಟದಿಂದ ೧೨೨೬ ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆ. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲೀಸನ ಫಿರಂಗಿಗಳು ಇಲ್ಲಿನ ಕೋಟೆಯನ್ನು ಹಿಡಿದವು. ಕೋಟೆ ಬಿತ್ತು, ಬಂಡೆ ಮಾತ್ರ ಹಾಗೇ ನಿಂತಿದೆ. ಈಗ ಆ ಬಂಡೆ ಬೇರೊಂದು ಬಗೆಯ ದಂಡನ್ನು ತಡೆಯುತ್ತಿದೆ. ಬೆಂಗಳೂರಿನಿಂದ ಬರುವ ಎಫ್.ಎಂ. ಬಾನುಲಿಯನ್ನು ಬೆಟ್ಟದ ಪೂರ್ವಕ್ಕೆ ನಿಂತು ಕೇಳಿದರೆ ಒಂದು ತೆರ, ಪಶ್ಚಿಮದ ಬುಡಕ್ಕೆ ಬಂದು ಕೇಳಿದರೆ ಇನ್ನೊಂದು ತೆರ. ಬೆಟ್ಟದ ನೆರಳು ಬಿಸಿಲಿಗೆ ಮಾತ್ರ ಬೀಳುವುದಿಲ್ಲ, ಧ್ವನಿಗೂ ಬೀಳುತ್ತದೆ.

ಇದು ಹೇಗೆ ಎನ್ನುವಿರೋ? ಬಾನುಲಿಯ ಅಲೆಗಳಲ್ಲಿ ಉದ್ದನೆಯವು ಉಂಟು, ಗಿಡ್ಡನೆಯವೂ ಉಂಟು. ಬೆಂಗಳೂರು ಆಕಾಶವಾಣಿಯ ಎಫ್.ಎಂ. ೧೦೧.೩ ಮೆಗಾಹರ್ಟ್ಸ್‌ನದು; ಅದರ ಒಂದೊಂದು ಅಲೆ ಸುಮಾರು ೩ ಮೀಟರ್ ಉದ್ದ, ಅಂದರೆ ಒಂದು ಎತ್ತಿನ ಗಾಡಿಯಷ್ಟು. ಅದು ನೆಟ್ಟಗೆ ಓಡುತ್ತದೆ, ಅಡ್ಡ ಬಂಡೆ ಬಂದರೆ ಮುಗ್ಗರಿಸುತ್ತದೆ. ಬೆಂಗಳೂರಿನ ಮಧ್ಯಮ ತರಂಗ ೬೧೨ ಕಿಲೋಹರ್ಟ್ಸ್‌ನದು. ಅದರ ಒಂದು ಅಲೆ ಸುಮಾರು ೪೯೦ ಮೀಟರ್. ಅಷ್ಟುದ್ದದ ಅಲೆಗೆ ಬೆಟ್ಟ ದೊಡ್ಡ ಅಡ್ಡಿಯಲ್ಲ. ನೆಲವನ್ನು ತಬ್ಬಿಕೊಂಡೇ ಸಾಗುತ್ತದೆ, ಕೆರೆಯ ನೀರು ಕಲ್ಲುಗುಂಡನ್ನು ಬಳಸಿಕೊಂಡು ಹೋಗುವ ಹಾಗೆ. ಈ ಎರಡು ಅಲೆಗಳ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಬಾನುಲಿ ಶುರುವಾದದ್ದು ಸರ್ಕಾರದ ಕಚೇರಿಯಲ್ಲಲ್ಲ, ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ೩೦ ವಾಟ್. ಈಗ ನಿಮ್ಮ ಪಡಸಾಲೆಯಲ್ಲಿ ತಿರುಗುವ ಫ್ಯಾನಿಗೂ ಅದಕ್ಕಿಂತ ಹೆಚ್ಚು ವಿದ್ಯುತ್ ಬೇಕು! ಆ ಪುಟ್ಟ ಕೇಂದ್ರಕ್ಕೆ ಬಂದ 'ಆಕಾಶವಾಣಿ' ಎಂಬ ಹೆಸರು ಆಮೇಲೆ ಇಡೀ ಭಾರತದ ಬಾನುಲಿಯ ಹೆಸರೇ ಆಯಿತು. ೧೯೫೫ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಬಂದಿತು. ಮುಂದೆ ಅದರ ಮಧ್ಯಮ ತರಂಗದ ಪ್ರೇಷಕಯಂತ್ರ ೨೦೦ ಕಿಲೋವಾಟಿನದಾಯಿತು. ಮೇಷ್ಟರ ಯಂತ್ರದಂಥವು ಆರೂವರೆ ಸಾವಿರಕ್ಕೂ ಮಿಕ್ಕಿ ಒಟ್ಟುಗೂಡಿದರೆ ಎಷ್ಟೋ ಅಷ್ಟು.

ಕಂಬ ಎದ್ದಿತು ಸರಿ. ಹಳ್ಳಿಯಲ್ಲಿ ಕೇಳುವುದು ಯಾವುದರಲ್ಲಿ? ವಾಲ್ವಿನ ರೇಡಿಯೋ ಆ ಕಾಲಕ್ಕೆ ಜೋಡಿ ಎತ್ತಿನ ಮಾತು. ಕರೆಂಟಂತೂ ಊರಿಗೇ ಇಲ್ಲ. ಆಗ ಸರ್ಕಾರದವರು ರೈತ ಹಣ ಕೂಡಿಸಿ ಕೊಳ್ಳಲಿ ಎಂದು ಕಾದು ಕೂರಲಿಲ್ಲ. ಪಂಚಾಯಿತಿ ಮನೆಗೆ, ಶಾಲೆಗೆ, ದೇವಸ್ಥಾನದ ಜಗಲಿಗೆ ಸಮುದಾಯದ ರೇಡಿಯೋ ಪೆಟ್ಟಿಗೆಗಳನ್ನು ಕೊಡಿಸುವ ಏರ್ಪಾಡು ಮಾಡಿದರು. ಬ್ಯಾಟರಿ ತೀರಿದರೆ ಪೆಟ್ಟಿಗೆ ಮೂಕವಾಗುತ್ತಿತ್ತು, ಅದು ಬೇರೆ ಮಾತು. ಆದರೂ ಊರಿಗೊಂದು ಕಿವಿ ಬಂದ ಹಾಗಾಯಿತು.

ಆಮೇಲೆ ೧೯೫೬ರಲ್ಲಿ ಪುಣೆಯ ಸುತ್ತಿನ ೧೫೦ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಯುನೆಸ್ಕೋ ಸಂಸ್ಥೆಯೂ ಅದಕ್ಕೆ ಕೈಜೋಡಿಸಿತ್ತು. ಒಂದೊಂದು ಹಳ್ಳಿಯಲ್ಲಿ ಸುಮಾರು ಇಪ್ಪತ್ತು ಜನ ಕೂತು ಕಾರ್ಯಕ್ರಮ ಕೇಳುವುದು, ಕೇಳಿದ ಮೇಲೆ ಚರ್ಚೆ ಮಾಡುವುದು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುವುದು. ಬರೀ ಕೇಳಿ ಎದ್ದು ಹೋಗುವುದಲ್ಲ, ತಿರುಗಿ ಕೇಳುವುದು ಅನ್ನಿ. ೧೯೫೯ರಲ್ಲಿ ಈ ರೇಡಿಯೋ ಗ್ರಾಮಗೋಷ್ಠಿಗಳು ದೇಶಕ್ಕೆಲ್ಲ ಹಬ್ಬಿದವು. ೧೯೬೬ರಲ್ಲಿ ಆಕಾಶವಾಣಿ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ತೆರೆದವು. ಅದೇ ಸುಮಾರಿನಲ್ಲಿ ತಮಿಳುನಾಡಿನ ತಂಜಾವೂರಿನ ಕಡೆ ಏ.ಡಿ.ಟಿ. ೨೭ ಎಂಬ ಹೊಸ ಭತ್ತದ ತಳಿ ಬಂದಿತು. ತಿರುಚ್ಚಿ ಕೇಂದ್ರ ಅದರ ವಿಷಯವನ್ನು ಎಷ್ಟು ಸಲ ಹೇಳಿತೆಂದರೆ, ರೈತರು ತಳಿಯ ಹೆಸರನ್ನೇ ಮರೆತು 'ರೇಡಿಯೋ ಭತ್ತ' ಎಂದು ಕರೆಯತೊಡಗಿದರು. ನಮ್ಮಲ್ಲಿ 'ರಾಗಿ ಲಕ್ಷ್ಮಣಯ್ಯ'ನವರ ಇಂಡಾಫ್ ತಳಿಗಳಿಗೆ ಅಂಥದೊಂದು ಅಡ್ಡಹೆಸರು ಯಾಕೆ ಬೀಳಲಿಲ್ಲವೋ, ಬಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಇಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದಿತು. ಅಮೆರಿಕದಲ್ಲಿ ೧೯೪೭ರಲ್ಲಿ ಕಂಡುಹಿಡಿದ ಕಡಲೆಕಾಳಿನಷ್ಟು ಸಣ್ಣ ವಸ್ತು ಅದು. ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ಅರವತ್ತರ ದಶಕದಲ್ಲಿ ಅದನ್ನು ಇಲ್ಲೇ ಮಾಡತೊಡಗಿತು. ಅಡಿಗೆಮನೆಯ ಡಬ್ಬದಷ್ಟು ಪೆಟ್ಟಿಗೆ, ಒಳಗೆ ಎರಡು ಬ್ಯಾಟರಿ ಸೆಲ್ಲು. ಹೆಗಲಿಗೆ ನೇತುಹಾಕಿಕೊಂಡು ಹೊಲಕ್ಕೂ ಹೋಗಬಹುದು, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಬದುವಿನ ಮೇಲೂ ಇಡಬಹುದು. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿಗೆ ಹಣ ಕಟ್ಟುವ ಕಾಟವೂ ಎಂಬತ್ತರ ದಶಕದಲ್ಲಿ ತೊಲಗಿತು. ಬಾನುಲಿ ನಿಜವಾಗಿ ಹಳ್ಳಿಗೆ ಬಂದದ್ದು ಆಗಲೇ ಎಂದು ನಮ್ಮ ಎಣಿಕೆ. ೧೯೫೫ರಲ್ಲಿ ಬಂದದ್ದು ಕಂಬ. ಬಡವನ ಕೈಗೆ ಎಟುಕುವ ಪೆಟ್ಟಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಇನ್ನು ಹೊಸ ಬದಲಾವಣೆಗೆ ಬರೋಣ. ಇದಕ್ಕೆ ಡಿಜಿಟಲ್ ಪ್ರಸಾರ ಅನ್ನುತ್ತಾರೆ. ಹಳೆಯದಕ್ಕೆ ಅನಲಾಗ್ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ನಿಮ್ಮ ಮನೆಯ ಹಾಲಿನ ಲೆಕ್ಕದಿಂದಲೇ ಇದನ್ನು ತಿಳಿಯಬಹುದು.

ಹಳೆಯ ಪದ್ಧತಿಯಲ್ಲಿ ಮಾತನಾಡುವವನ ದನಿ ಹೇಗೆ ಏರಿಳಿಯುವುದೋ ಅಲೆಯೂ ಹಾಗೇ ಏರಿಳಿಯುತ್ತದೆ. ಒಂದು ದಿಣ್ಣೆಯಿಂದ ಇನ್ನೊಂದು ದಿಣ್ಣೆಗೆ ಕೂಗಿದ ಹಾಗೆ ಅದು. ನಡುವೆ ಬೀಸಿದ ಗಾಳಿಯೂ ಆ ಕೂಗಿನ ಜೊತೆಗೆ ಕಿವಿಗೆ ಬೀಳುತ್ತದೆ. ಪಂಪುಸೆಟ್ಟಿನ ಸ್ಟಾರ್ಟರ್ ಹಾಕಿದರೆ ರೇಡಿಯೋ ಗೊರಗೊರ ಅನ್ನುವುದು, ಮಿಂಚಿದರೆ ಚಟಚಟ ಅನ್ನುವುದು, ರಾತ್ರಿ ಎಲ್ಲೋ ದೂರದ ಊರಿನ ಭಾಷೆ ನಡುವೆ ನುಗ್ಗುವುದು, ಎಲ್ಲಾ ಇದರಿಂದಲೇ.

ಹೊಸ ಪದ್ಧತಿ ಗೋಡೆಯ ಮೇಲೆ ಗೀಟು ಎಳೆದ ಹಾಗೆ. ದಿನಾ ಹಾಲು ಹಾಕಿಸಿಕೊಂಡಾಗ ಇದ್ದಿಲಿನಿಂದ ಒಂದೊಂದು ಗೀಟು ಎಳೆಯುತ್ತಿದ್ದರಲ್ಲ ನಮ್ಮ ಅಜ್ಜಿಯರು? ಗೀಟು ಇದ್ದರೆ ಹಾಲು ಬಂದಿದೆ, ಇಲ್ಲದಿದ್ದರೆ ಇಲ್ಲ. ಹಾಗೇ ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಳತೆಯನ್ನು ಒಂದು ಮತ್ತು ಸೊನ್ನೆಗಳ ಲೆಕ್ಕವಾಗಿ ಬರೆದು, ಆ ಲೆಕ್ಕವನ್ನು ಅಲೆಯ ಮೇಲೆ ಕಳಿಸುತ್ತಾರೆ. ಗೋಡೆಗೆ ಹೊಗೆ ಹಿಡಿದರೂ ಗೀಟು ಎಣಿಸಲು ಬರುತ್ತದೆ. ಎಣಿಸಲು ಬಂದರೆ ಸಾಕು, ಲೆಕ್ಕ ಚೊಕ್ಕಟ. ಆದ್ದರಿಂದಲೇ ಡಿಜಿಟಲ್ ದನಿ ಕೋಣೆಯಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಒಂದೇ ಪ್ರಸಾರದ ಒಳಗೆ ಎರಡು ಕಾರ್ಯಕ್ರಮ ತುಂಬಬಹುದು. ಪೆಟ್ಟಿಗೆಯ ಮುಖದ ಮೇಲೆ ಅಕ್ಷರಗಳನ್ನೂ ಮೂಡಿಸಬಹುದು; ಮಾರುಕಟ್ಟೆಯ ಗೂಡಿನ ಧಾರಣೆಯನ್ನು ಓದಿಕೊಳ್ಳುವ ಹಾಗೆ ಮಾಡಬಹುದು ಅನ್ನಿ. ಅಪಾಯದ ಎಚ್ಚರಿಕೆ ಕೊಡುವ ಏರ್ಪಾಡೂ ಅದರಲ್ಲಿದೆ. ಅದೇ ಸೀಮೆಯನ್ನು ಮುಟ್ಟಲು ಪ್ರೇಷಕಕ್ಕೆ ಬೇಕಾಗುವ ವಿದ್ಯುತ್ತೂ ಕಡಿಮೆ.

ಆದರೆ ಒಂದು ಕೊಂಕು ಇದೆ. ಗೋಡೆಯ ಗೀಟು ಪೂರಾ ಅಳಿಸಿಹೋಯಿತು ಅನ್ನಿ, ಆಗ ಅರೆಬರೆ ಲೆಕ್ಕವೂ ಸಿಗುವುದಿಲ್ಲ. ಹಳೆಯ ರೇಡಿಯೋ ಗೊರಗೊರ ಅನ್ನುತ್ತಲೇ ನಾಲ್ಕು ಮಾತು ತಲುಪಿಸುತ್ತಿತ್ತು. ಡಿಜಿಟಲ್ ಆದರೆ ಕೇಳಿದರೆ ಪೂರಾ ಕೇಳಿತು, ಇಲ್ಲವಾದರೆ ಸದ್ದಿಲ್ಲ.

ಈ ಪದ್ಧತಿಯ ಒಂದು ಬಗೆ ಡಿ.ಆರ್.ಎಂ. ಅದಕ್ಕಾಗಿ ಹಲವು ದೇಶದ ಪ್ರಸಾರಕರು ೧೯೯೮ರಲ್ಲಿ ಕೂಟ ಕಟ್ಟಿಕೊಂಡರು. ಮಧ್ಯಮ ತರಂಗದ ಉದ್ದಲೆಯ ಮೇಲೂ ಇದನ್ನು ಕಳಿಸಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಬೆಟ್ಟ ಬಳಸಿ ಬರುವ ಅಲೆ, ಅದರ ಮೇಲೆ ಚೊಕ್ಕಟ ದನಿ. ಸಾವನದುರ್ಗದ ಮಗ್ಗುಲಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಆಕಾಶವಾಣಿಯವರು ೨೦೦೭ರಲ್ಲಿ ದೆಹಲಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮುಂದಿನ ವರ್ಷಗಳಲ್ಲಿ ದೇಶದ ೩೫ ಮಧ್ಯಮ ತರಂಗ ಪ್ರೇಷಕಗಳನ್ನು ಡಿಜಿಟಲ್‌ಗೆ ಅಣಿಮಾಡಿದರು. ಬೆಂಗಳೂರು ಮತ್ತು ಧಾರವಾಡದ ೨೦೦ ಕಿಲೋವಾಟ್ ಯಂತ್ರಗಳು ಆ ಪಟ್ಟಿಯಲ್ಲಿ ಸೇರಿದವು. ಹಳೆಯ ಕೇಳುಗರು ಕೈತಪ್ಪಬಾರದೆಂದು ಅನಲಾಗ್ ಮತ್ತು ಡಿಜಿಟಲ್ ಎರಡನ್ನೂ ಅಕ್ಕಪಕ್ಕದಲ್ಲೇ ಕಳಿಸುವ ಏರ್ಪಾಡಾಯಿತು. ಹಳೆಯ ಪೆಟ್ಟಿಗೆಯಲ್ಲಿ ಮುಳ್ಳು ತುಸು ಸರಿದು ಡಿಜಿಟಲ್ ಅಲೆಯ ಮೇಲೆ ಕೂತರೆ ಮಾತಿಲ್ಲ ಕತೆಯಿಲ್ಲ, ಕೋಡಿ ಬಿದ್ದ ಕೆರೆಯ ಹಾಗೆ ಭೋರೆಂಬ ಸದ್ದು. ಅದು ಪೆಟ್ಟಿಗೆ ಕೆಟ್ಟದ್ದಲ್ಲ. ಹೊಸ ಲೆಕ್ಕವನ್ನು ಹಳೆಯ ಪೆಟ್ಟಿಗೆ ಓದಲಾರದು, ಅಷ್ಟೆ.

ಹಾಗಾದರೆ ಓದಬಲ್ಲ ಪೆಟ್ಟಿಗೆ ಎಲ್ಲಿ? ಇಲ್ಲೇ ಗಾಡಿ ಕೆಸರಿಗೆ ಇಳಿದದ್ದು. ಅಂಗಡಿಯಲ್ಲಿ ಹುಡುಕಿದರೂ ಡಿ.ಆರ್.ಎಂ. ಗ್ರಾಹಕ ಸಿಕ್ಕುವುದು ಅಪರೂಪವಾಯಿತು. ಸಿಕ್ಕಿದರೂ ಬೆಲೆ ಸಾವಿರಗಟ್ಟಲೆ ರೂಪಾಯಿ. ವಿಚಿತ್ರ ನೋಡಿ: ೨೦೧೭ರ ಸುಮಾರಿನಿಂದ ಲಕ್ಷಗಟ್ಟಲೆ ಹೊಸ ಮೋಟಾರು ಕಾರುಗಳಲ್ಲಿ ಈ ಗ್ರಾಹಕವನ್ನು ಕೂರಿಸಿಕೊಂಡೇ ಮಾರತೊಡಗಿದರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ ಹೋಗುವ ಕಾರಿನೊಳಗೆ ಆ ಚೊಕ್ಕಟ ದನಿಗೆ ಬೇಕಾದ ಯಂತ್ರ ಉಂಟು, ಹೆದ್ದಾರಿಯ ಪಕ್ಕದ ತೆಂಗಿನ ತೋಟದವನ ಕೈಯಲ್ಲಿ ಇಲ್ಲ. ಕೃಷಿರಂಗ ಬೇಕಾದದ್ದು ಇಬ್ಬರಲ್ಲಿ ಯಾರಿಗೆ?

ಟೆಲಿವಿಷನ್ ಡಿಜಿಟಲ್ ಆದದ್ದು ನಿಮಗೆ ನೆನಪಿರಬೇಕು. ಬೆಂಗಳೂರಿನ ಕೇಬಲ್‌ಗೆ ೨೦೧೩ರ ಮಾರ್ಚ್ ಕೊನೆಯ ಗಡುವು ಬಂತು. ಹಳ್ಳಿಗಳ ಸರದಿ ಆಮೇಲೆ. ಗೊಣಗಿಕೊಂಡಾದರೂ ಎಲ್ಲರೂ ಸೆಟ್‌ಟಾಪ್ ಪೆಟ್ಟಿಗೆ ಕೂರಿಸಿದರು. ಹಳೆಯ ಟಿ.ವಿ.ಯೇ ಅದರಿಂದ ಮುಂದೆ ನಡೆಯಿತು. ರೇಡಿಯೋಗೆ ಅಂಥ ಅಗ್ಗದ ಪುಟ್ಟ ಪೆಟ್ಟಿಗೆ ಮನೆಮನೆಗೆ ಬರಲಿಲ್ಲ, ಕೊಡಿಸಬೇಕೆಂದು ಯಾರೂ ಹಟ ಹಿಡಿಯಲೂ ಇಲ್ಲ. ಬೆಟ್ಟಗುಡ್ಡಗಳ ದೇಶವಾದ ನಾರ್ವೆ ೨೦೧೭ರಲ್ಲಿ ತನ್ನ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನು ಪೂರಾ ನಿಲ್ಲಿಸಿ ಡಿಜಿಟಲ್‌ಗೆ ಹೊರಳಿತು. ಅಲ್ಲಿಯೂ ಜನ ಹಳೆಯ ಪೆಟ್ಟಿಗೆಗಳನ್ನು ಹಿಡಿದು ಬೈದುಕೊಂಡರು. ಆದರೆ ಅದು ಸಿರಿವಂತ ದೇಶ, ಹೊಸದು ಕೊಳ್ಳುವ ತಾಕತ್ತಿತ್ತು.

ಆಕಾಶವಾಣಿಯೂ ಈ ನಡುವೆ ಎಫ್.ಎಂ. ಕಡೆಗೆ ಹೆಚ್ಚು ವಾಲಿತು. ೨೦೨೩ರ ಏಪ್ರಿಲಿನಲ್ಲಿ ಒಂದೇ ದಿನ ದೇಶದಲ್ಲಿ ೯೧ ಸಣ್ಣ ಎಫ್.ಎಂ. ಪ್ರೇಷಕಗಳಿಗೆ ಚಾಲನೆ ಸಿಕ್ಕಿತು. ೨೦೨೫ರ ಅಕ್ಟೋಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಖಾಸಗಿ ಬಾನುಲಿಗಳಿಗೂ ಡಿಜಿಟಲ್ ಪ್ರಸಾರ ಬರಲಿ ಎಂದು ಶಿಫಾರಸು ಮಾಡಿತು. ಮೊದಲು ೧೩ ದೊಡ್ಡ ನಗರಗಳಿಗೆ, ಅವುಗಳಲ್ಲಿ ಬೆಂಗಳೂರೂ ಒಂದು. ನಗರದಿಂದಲೇ ಶುರುಮಾಡುವುದು ವ್ಯಾಪಾರಕ್ಕೆ ಸರಿ ಇರಬಹುದು. ಹಳ್ಳಿಯ ಬಾನುಲಿಗೆ ಅದು ಸರಿಯಾದ ಕ್ರಮವಲ್ಲ ಎಂದೇ ನಮಗೆ ಅನಿಸುತ್ತದೆ. ಪಂಚಾಯಿತಿ ಜಗಲಿಗೆ ಪೆಟ್ಟಿಗೆ ಕೊಡಿಸಿದ ಆ ಹಿಂದಿನವರು ಬಡ ದೇಶದ ಬೊಕ್ಕಸದಿಂದಲೇ ಆ ಕೆಲಸ ಮಾಡಿದ್ದರು.

"ಮೊಬೈಲ್‌ನಲ್ಲೇ ಕೇಳ್ತೀವಲ್ಲ, ಪೆಟ್ಟಿಗೆ ಯಾಕೆ?" ಎಂದು ಹುಡುಗರು ಕೇಳುತ್ತಾರೆ. ಕೇಳಿ, ಬೇಡ ಅನ್ನುವುದಿಲ್ಲ. ಆಕಾಶವಾಣಿಯ ಆ್ಯಪ್ ಹಾಕಿಕೊಂಡರೆ ಮಸ್ಕತ್ತಿನಲ್ಲಿ ಕೂತವನೂ ಬೆಂಗಳೂರು ಕೇಂದ್ರ ಕೇಳಬಹುದು. ಆದರೆ ಅದಕ್ಕೆ ಡೇಟಾ ಬೇಕು, ಟವರ್ ಬೇಕು, ಆ ಟವರಿಗೆ ಕರೆಂಟು ಬೇಕು. ಜೋರು ಮಳೆಗಾಳಿಗೆ ಇವು ಮೂರೂ ಒಟ್ಟಿಗೆ ಹೋದ ರಾತ್ರಿಗಳನ್ನು ನೀವೇ ಕಂಡಿದ್ದೀರಿ. ದೂರದ ಒಂದು ಕಂಬ, ಕೈಯಲ್ಲಿ ಎರಡು ಸೆಲ್ಲಿನ ಪೆಟ್ಟಿಗೆ, ನಡುವೆ ಬೇರೇನೂ ಬೇಡ. ಬಾನುಲಿಯ ಶಕ್ತಿ ಇರುವುದು ಅಲ್ಲಿ.

ಈಗ ಹೊಸ ರೇಡಿಯೋ ಕೊಳ್ಳುವವರಿಗೆ ಒಂದೆರಡು ಮಾತು. ಅಂಗಡಿಯವನು 'ಡಿಜಿಟಲ್ ರೇಡಿಯೋ' ಎಂದು ಕೊಟ್ಟದ್ದೆಲ್ಲ ಡಿಜಿಟಲ್ ಅಲ್ಲ. ಮುಖದ ಮೇಲೆ ಮುಳ್ಳಿನ ಬದಲು ಅಂಕಿ ಮಿನುಗಿದ ಮಾತ್ರಕ್ಕೆ ಡಿಜಿಟಲ್ ಪ್ರಸಾರ ಹಿಡಿಯುವುದಿಲ್ಲ. ಡಿ.ಆರ್.ಎಂ. ಎಂಬ ಅಕ್ಷರ ಇದೆಯೇ ಎಂದು ನೋಡಿ, ಇದ್ದರೆ ಅಲ್ಲೇ ಹಾಕಿಸಿ ಕೇಳಿ. ಮಧ್ಯಮ ತರಂಗ ಇಲ್ಲದ, ಬರೀ ಎಫ್.ಎಂ. ಇರುವ ಪೆಟ್ಟಿಗೆಯನ್ನು ಬೆಟ್ಟದ ಹಿಂದಿನ ಊರಿನವರು ನೋಡಿ ಕೊಳ್ಳಿ. ಮನೆಯಲ್ಲಿರುವ ಹಳೆಯ ಪೆಟ್ಟಿಗೆ ಗೊರಗುಟ್ಟಿದರೆ ಎಸೆಯುವ ಮೊದಲು ಹತ್ತಿರದ ಎಲ್.ಇ.ಡಿ. ದೀಪ ಆರಿಸಿ, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ನಿಧಾನವಾಗಿ ಸುತ್ತ ತಿರುಗಿಸಿ; ಅದರೊಳಗಿನ ಕರಿಕಡ್ಡಿಯ ಮಗ್ಗುಲು ಕಂಬದ ಕಡೆಗೆ ಬಂದಾಗ ದನಿ ಮೇಲೇಳುತ್ತದೆ. ಮಾಗಡಿಯವರಿಗೆ ಬೆಂಗಳೂರು ಮೂಡಣಕ್ಕೆ, ಕನಕಪುರದವರಿಗೆ ಬಡಗಣಕ್ಕೆ.