ವಿನ್ಯಾಸ ಎಲ್ಲರದು, ಹೆಸರು ಯಾರದು? ಸಿಂಪ್ಯೂಟರ್ ಬಿಟ್ಟುಹೋದ ಪ್ರಶ್ನೆ

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ.

ಎರಡು ತಿಂಗಳ ಹಿಂದೆ ಸಿಂಧನೂರಿನಿಂದ ಒಬ್ಬ ಕೇಳುಗ ಫೋನ್ ಮಾಡಿದ. ಪಿಯುಸಿ ಮುಗಿಸಿ ಪೊಲೀಸ್ ಪರೀಕ್ಷೆಗೆ ಓದ್ತಾ ಇರೋ ಹುಡುಗ. "ಅಣ್ಣಾ, ನಿಮ್ಮ ಕೋರ್ಸಿಗೆ 499 ರೂಪಾಯಿ ಕಟ್ಟೀನಿ. ಎರಡು ವಾರ ಆತು, ನೋಟ್ಸ್ ಬಂದಿಲ್ಲ" ಅಂದ. ನನಗೆ ತಲೆಬುಡ ಅರ್ಥ ಆಗಲಿಲ್ಲ. ನಾನು ಯಾವ ಕೋರ್ಸೂ ನಡೆಸೋದಿಲ್ಲ. ಅವನು ಸ್ಕ್ರೀನ್‌ಶಾಟ್ ಕಳಿಸಿದ. ಒಂದು ಕೋಚಿಂಗ್ ಆ್ಯಪ್, ಅದರ ನೆತ್ತಿಯ ಮೇಲೆ ನನ್ನ ಪಾಡ್‌ಕಾಸ್ಟ್‌ನ ಹೆಸರು, ಒಳಗೆ ನನ್ನದೇ ಹಳೆಯ ಆಡಿಯೋಗಳು.

ಇಲ್ಲೊಂದು ವಿಷಯ ಹೇಳಲೇಬೇಕು. ನನ್ನ ಸಂಚಿಕೆಗಳನ್ನು ನಾನು ಮೊದಲ ದಿನದಿಂದ ಮುಕ್ತ ಲೈಸೆನ್ಸ್‌ನಲ್ಲಿ ಬಿಡ್ತಾ ಇದ್ದೀನಿ. ಯಾರು ಬೇಕಾದರೂ ಬಳಸಬಹುದು, ಕತ್ತರಿಸಬಹುದು, ಮಾರಲೂಬಹುದು, ಮೂಲ ಯಾರದು ಅಂತ ಹೇಳಿದರೆ ಆಯಿತು. ಹಾಗಾಗಿ ಆಡಿಯೋ ತಗೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹುಡುಗ 499 ರೂಪಾಯಿ ಕೊಟ್ಟಿದ್ದು ಆಡಿಯೋಗೆ ಅಲ್ಲ, ಹೆಸರು ನೋಡಿ. ಬಯ್ಯೋಕೆ ಫೋನ್ ಮಾಡಿದ್ದೂ ಹೆಸರು ನೋಡಿಯೇ.

ಬಿ.ಕಾಂ. ಮಾಡಿದವರಿಗೆ ನೆನಪಿರಬೇಕು, ಪಾಲುದಾರಿಕೆ ಲೆಕ್ಕದಲ್ಲಿ ಗುಡ್‌ವಿಲ್ ಅಂತ ಒಂದು ಬರ್ತದೆ. ಒಬ್ಬ ಪಾಲುದಾರ ಬಿಟ್ಟು ಹೋಗುವಾಗ ಅದಕ್ಕೂ ಬೆಲೆ ಕಟ್ಟಿ ಅವನ ಪಾಲು ಕೊಡಬೇಕು. ಅದು ಕಣ್ಣಿಗೆ ಕಾಣೋದಿಲ್ಲ, ಗೋದಾಮಿನಲ್ಲಿ ಸಿಗೋದಿಲ್ಲ, ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ. ಆಗ ನಾನು ಅದನ್ನು ಬರೀ ಮಾರ್ಕ್ಸಿಗೆ ಓದಿದ್ದೆ.

ನಮ್ಮದು ವಳಕಮದಿನ್ನಿ. ಏನೇ ಕೆಲಸ ಇದ್ದರೂ ಮಸ್ಕಿ, ಲಿಂಗಸುಗೂರು, ಇಲ್ಲವೇ ಸಿಂಧನೂರು. ಮಸ್ಕಿ ಅಂದಕೂಡಲೇ ಶಾಲೆಯಲ್ಲಿ ಓದಿದ್ದು ನೆನಪಾಗ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಗುಡ್ಡದಲ್ಲಿ ಅಶೋಕನ ಶಾಸನ ಕಂಡುಹಿಡಿದ. ಅದರಲ್ಲಿ ಅಂಥ ವಿಶೇಷ ಏನು? ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ ಇದ್ದದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. ಬಿರುದು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಶ್ರೀಲಂಕಾದ ರಾಜ ತಿಸ್ಸನೂ ದೇವಾನಾಂಪ್ರಿಯನೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಈ ಮಾತುಗಳು ಲಂಕೆಯ ರಾಜನದೇ ಇರಬೇಕು ಅಂತ ಮೊದಲು ಅಂದುಕೊಂಡಿದ್ದೂ ಅದಕ್ಕೇ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆ 'ಅಶೋಕ' ಅನ್ನೋ ಹೆಸರೇ ಇತ್ತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಶಾಸನದ ಮಾತು ಎಲ್ಲರಿಗಾಗಿ ಕೆತ್ತಿಸಿದ್ದು. ಆದರೆ ಆ ಮಾತು ಯಾರದು ಅನ್ನೋ ಪ್ರಶ್ನೆ ಮುಗಿಸಿದ್ದು ಒಂದು ಹೆಸರು.

ಸರಿ, ಬಂಡೆ ಬಿಟ್ಟು ಕಂಪ್ಯೂಟರಿಗೆ ಬರೋಣ. ಮಾತನ್ನು ಎಲ್ಲರಿಗೂ ಕೊಟ್ಟು ಹೆಸರನ್ನು ಮಾತ್ರ ಹಿಡಿದಿಟ್ಟುಕೊಂಡ ಒಂದು ಪ್ರಯೋಗ ನಮ್ಮ ಕರ್ನಾಟಕದಲ್ಲೇ ನಡೆದಿದೆ. ನನ್ನ ವಯಸ್ಸಿನವರಲ್ಲಿ ಬಹಳ ಜನಕ್ಕೆ ಅದು ಗೊತ್ತೇ ಇಲ್ಲ. ನನಗೂ ಈ ಫೋನ್ ಕಾಲ್ ಬರೋವರೆಗೆ ಗೊತ್ತಿರಲಿಲ್ಲ.

1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಐಟಿ ಮೇಳದ ಜೊತೆಗೆ ಒಂದು ವಿಚಾರ ಸಂಕಿರಣ ನಡೆಯಿತು. ಬಡ ದೇಶಗಳಿಗೆ ಎಂಥ ಕಂಪ್ಯೂಟರ್ ಬೇಕು ಅನ್ನೋದು ಅಲ್ಲಿಯ ಪ್ರಶ್ನೆ. ಇಂಗ್ಲಿಷ್ ಬಾರದವರು, ಓದು ಬಾರದವರು ಕೂಡ ಬಳಸುವಂಥದ್ದು ಆಗಬೇಕು. ಅಲ್ಲಿಂದ ಹೊರಟ ಯೋಚನೆ 1999ರ ನವೆಂಬರ್‌ನಲ್ಲಿ ಸಿಂಪ್ಯೂಟರ್ ಟ್ರಸ್ಟ್ ಆಯಿತು. ಒಟ್ಟು ಏಳು ಜನ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಒಂದು ಕಡೆ. ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇನ್ನೊಂದು ಕಡೆ. ಸಿಂಪಲ್, ಇನ್‌ಎಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್, ಪೀಪಲ್ಸ್ ಕಂಪ್ಯೂಟರ್, ಇದೆಲ್ಲ ಸೇರಿ ಸಿಂಪ್ಯೂಟರ್.

2001ರ ಏಪ್ರಿಲ್‌ನಲ್ಲಿ ಮಾದರಿ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಸಾಧನ, ಮುಟ್ಟಿದರೆ ಕೆಲಸ ಮಾಡುವ ಪರದೆ, ಒಳಗೆ ಲಿನಕ್ಸ್, ನಮ್ಮ ಭಾಷೆಯಲ್ಲಿ ಓದಿ ಹೇಳುವ ದನಿ. ಐಫೋನ್ ಬರೋದಕ್ಕೆ ಇನ್ನೂ ಆರು ವರ್ಷ ಇತ್ತು, ನೋಡ್ರಿ. ಅದರ ಜೀವಾಳ ಅಂದರೆ ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿ. ಊರಿಗೆ ಒಂದೇ ಸಿಂಪ್ಯೂಟರ್ ಇರಲಿ, ಬಾಡಿಗೆಗೆ ಸಿಗಲಿ, ಪ್ರತಿಯೊಬ್ಬರ ಕೈಯಲ್ಲಿ ತಮ್ಮದೇ ಒಂದು ಕಾರ್ಡ್ ಇರಲಿ, ತಮ್ಮ ಮಾಹಿತಿ ಅದರಲ್ಲಿರಲಿ ಅನ್ನೋದು ಲೆಕ್ಕ. ಊರಿಗೊಂದೇ ಟ್ರ್ಯಾಕ್ಟರ್ ಇದ್ದ ಕಾಲದಲ್ಲಿ ನಮ್ಮ ಅಜ್ಜನವರು ಬಾಡಿಗೆಗೆ ತಂದು ಹೊಲ ಹೂಡಿಸ್ತಿದ್ದರಲ್ಲ, ಹಂಗೇ. ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಆ್ಯಪಲ್, ಮೈಕ್ರೋಸಾಫ್ಟ್ ಎರಡನ್ನೂ ಬದಿಗಿಟ್ಟು ವರ್ಷದ ಮುಖ್ಯ ಕಂಪ್ಯೂಟರ್ ಆವಿಷ್ಕಾರ ಇದೇ ಅಂತ ಬರೆದರು.

ಇನ್ನು ನಮ್ಮ ವಿಷಯ. ಟ್ರಸ್ಟ್‌ನವರು ಸಾಫ್ಟ್‌ವೇರ್ ಮಾತ್ರವಲ್ಲ, ಹಾರ್ಡ್‌ವೇರ್ ವಿನ್ಯಾಸವನ್ನೂ ಬಿಟ್ಟುಕೊಟ್ಟರು. ಅದಕ್ಕಾಗಿ ಜಿಪಿಎಲ್ ಲೈಸೆನ್ಸ್‌ನ ಮಾದರಿಯಲ್ಲಿ ಎಸ್‌ಜಿಪಿಎಲ್ ಅಂತ ಹೊಸದೊಂದು ಬರೆದರು. ನೀವು ವಿನ್ಯಾಸ ತಗೊಂಡು ಸುಧಾರಣೆ ಮಾಡಿದಿರಿ ಅಂತ ಇಟ್ಕೊಳ್ಳಿ. ಮಾರಾಟ ಶುರುವಾದ ಮೇಲೆ ಒಂದು ವರ್ಷ ಆ ಸುಧಾರಣೆ ನಿಮ್ಮ ಹತ್ತಿರವೇ ಇರಬಹುದು, ಆಮೇಲೆ ಅದನ್ನು ಎಲ್ಲರಿಗಾಗಿ ವಾಪಸ್ ಕೊಡಬೇಕು. ವ್ಯಾಪಾರಿಗೂ ಲಾಭ, ಸಮುದಾಯಕ್ಕೂ ಲಾಭ. ಕಾಮರ್ಸ್ ಹುಡುಗನಾಗಿ ಹೇಳ್ತೀನಿ, ಈ ಒಂದು ವರ್ಷದ ಲೆಕ್ಕ ನನಗೆ ಭಾಳ ಹಿಡಿಸಿತು.

ಆದರೆ 'ಸಿಂಪ್ಯೂಟರ್' ಅನ್ನೋ ಹೆಸರು ಈ ಕೊಡುಗೆಯಲ್ಲಿ ಇರಲಿಲ್ಲ. ಅದು ಟ್ರಸ್ಟ್‌ನ ಟ್ರೇಡ್‌ಮಾರ್ಕ್. ಆ ಹೆಸರಿನಲ್ಲಿ ಮಾರಬೇಕು ಅಂದರೆ ಟ್ರಸ್ಟ್‌ನಿಂದ ಲೈಸೆನ್ಸ್ ಪಡೆಯಬೇಕು, ಸಾಧನ ಅವರ ನಿಯಮಕ್ಕೆ ಹೊಂದಬೇಕು. ಶುಲ್ಕದಲ್ಲೂ ಬಡ ದೇಶದ ಕಂಪನಿಗೆ ಒಂದು ದರ, ಶ್ರೀಮಂತ ದೇಶದ ಕಂಪನಿಗೆ ಹೆಚ್ಚಿನ ದರ.

"ಎಲ್ಲಾ ಬಿಟ್ಟುಕೊಟ್ಟು ಹೆಸರಿಗ್ಯಾಕೆ ಬೀಗ?" ಅಂತ ಕೇಳಬಹುದು. ಯಾರೋ ಒಬ್ಬ ಖರ್ಚು ಉಳಿಸೋಕೆ ಆ ಕಾರ್ಡ್ ಕಿಂಡಿ ಕಿತ್ತು ಹಾಕಿ, ಕನ್ನಡ ತೆಗೆದು ಹಾಕಿ, ಅದನ್ನೂ ಸಿಂಪ್ಯೂಟರ್ ಅಂತಲೇ ಮಾರಿದ ಅಂದುಕೊಳ್ಳಿ. ವಿನ್ಯಾಸ ಬದಲಾಯಿಸೋ ಹಕ್ಕು ಅವನಿಗೆ ಇದೆ. ಆದರೆ ಕೊಂಡ ರೈತ ಬಯ್ಯೋದು ಅವನನ್ನಲ್ಲ, ಸಿಂಪ್ಯೂಟರನ್ನು. ನನ್ನ 499 ರೂಪಾಯಿ ಹುಡುಗ ನನಗೆ ಫೋನ್ ಮಾಡಿದ ಹಾಗೆ.

ಮುಕ್ತ ಲೈಸೆನ್ಸ್‌ಗಳನ್ನು ಕೂತು ಓದಿದರೆ ಇದು ಹಲವು ಕಡೆ ಕಾಣ್ತದೆ. ಅಪಾಚೆ ಲೈಸೆನ್ಸ್‌ನ ಆರನೇ ಕಲಮು ಟ್ರೇಡ್‌ಮಾರ್ಕ್ ಬಳಸಲು ಅನುಮತಿ ಕೊಡೋದಿಲ್ಲ ಅಂತ ನೇರವಾಗಿ ಹೇಳ್ತದೆ. ನಾನು ಬಳಸುವ ಕ್ರಿಯೇಟಿವ್ ಕಾಮನ್ಸ್‌ನಲ್ಲೂ ಅದೇ ಮಾತಿದೆ. ನಾಲ್ಕು ವರ್ಷದಿಂದ ಆ ಲೈಸೆನ್ಸ್ ಹಾಕ್ತಾ ಇದ್ದೆ, ಆ ಸಾಲು ಒಮ್ಮೆಯೂ ಓದಿರಲಿಲ್ಲ. ನಾಚಿಕೆ ಆಯಿತು.

ಹೆಸರಿಗೆ ಬೀಗ ಹಾಕದಿದ್ದರೆ ಏನಾಗ್ತದೆ? ಅದಕ್ಕೆ ಲಿನಕ್ಸ್ ನೋಡಬೇಕು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದರು, ಪ್ರಪಂಚದ ಮೂಲೆ ಮೂಲೆಯಿಂದ ಜನ ಕೋಡ್ ಬರೆದರು. ಹೆಸರನ್ನು ನೋಂದಾಯಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. 1994ರಲ್ಲಿ ವಿಲಿಯಂ ಡೆಲ್ಲಾ ಕ್ರೋಚೆ ಎಂಬಾತ ಅಮೆರಿಕದಲ್ಲಿ 'ಲಿನಕ್ಸ್' ತನ್ನ ಟ್ರೇಡ್‌ಮಾರ್ಕ್ ಅಂತ ಅರ್ಜಿ ಹಾಕಿದ, ಮರುವರ್ಷ ಅದು ಅವನ ಹೆಸರಿಗೆ ಆಯಿತು. ಆಮೇಲೆ ಲಿನಕ್ಸ್ ಮಾರುವ ಕಂಪನಿಗಳಿಗೆ ಕಾಗದ ಬರೆದು ಆದಾಯದಲ್ಲಿ ಶೇಕಡಾ 10 ಕೊಡಿ ಅಂದ. ಕಂಪನಿಗಳೂ ಟೋರ್ವಾಲ್ಡ್ಸ್ ಅವರೂ ಸೇರಿ ಹೋರಾಡಿದರು. 1997ರಲ್ಲಿ ರಾಜಿಯಾಗಿ ಹೆಸರು ಟೋರ್ವಾಲ್ಡ್ಸ್ ಅವರಿಗೆ ಬಂತು. ಹೊಲ ಉತ್ತವರು ಊರ ಜನ, ಪಹಣಿಯಲ್ಲಿ ಮಾತ್ರ ಬೇರೆಯವನ ಹೆಸರು. ಇಂಥ ಜಗಳ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೀಗ ಅತಿಯಾದರೂ ಕಷ್ಟವೇ. 2006ರಲ್ಲಿ ಡೆಬಿಯನ್ ಸಮುದಾಯದವರು ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ತಮಗೆ ಬೇಕಾದ ತಿದ್ದುಪಡಿ ಮಾಡಿ ಹಂಚುತ್ತಿದ್ದರು. ತಿದ್ದಿದ್ದನ್ನು ಒಪ್ಪಿಗೆ ಇಲ್ಲದೆ ನಮ್ಮ ಹೆಸರಲ್ಲಿ ಕೊಡಬೇಡಿ ಅಂತ ಮೊಜಿಲ್ಲಾ ಹೇಳಿತು. ಡೆಬಿಯನ್‌ನವರು ಅದಕ್ಕೆ ಐಸ್‌ವೀಸಲ್ ಅಂತ ಬೇರೆ ಹೆಸರಿಟ್ಟರು. ಎರಡೂ ಒಳ್ಳೆಯ ಗುಂಪುಗಳೇ, ಆದರೂ ಆ ಬಿರುಕು ಮುಚ್ಚೋಕೆ ಹತ್ತು ವರ್ಷ ಬೇಕಾಯಿತು.

ಪಹಣಿ ಅಂದೆನಲ್ಲ, ಸಿಂಪ್ಯೂಟರ್ ನಮ್ಮ ಹೊಲದ ಹತ್ತಿರ ಬಂದಿದ್ದೂ ಅದೇ ದಾರಿಯಲ್ಲಿ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್ ಕೈಗೆ ಬರ್ತಿತ್ತು. ಲಿಂಗಸುಗೂರಿನಲ್ಲಿ ಆ ಸಾಲಿನಲ್ಲಿ ನಮ್ಮಪ್ಪನ ಜೊತೆ ನಾನೂ ನಿಂತಿದ್ದೆ, ಆಗ ನಾನು ಚಿಕ್ಕವನು. ಈ ಭೂದಾಖಲೆ ಸಂಗ್ರಹದ ಕೆಲಸಕ್ಕೆ ರಾಜ್ಯ ಸರ್ಕಾರ ಸಿಂಪ್ಯೂಟರ್ ಬಳಸಿತು. ಸಾಧನ ಹೊರಗೂ ಹೋಯಿತು. ಛತ್ತೀಸಗಡದಲ್ಲಿ ಪಾಠಕ್ಕೆ, ಮಹೀಂದ್ರಾ ವಾಹನಗಳ ಎಂಜಿನ್ ದೋಷ ಪತ್ತೆಗೆ ಬಳಸಿದರು.

ಟ್ರಸ್ಟ್ ಲೈಸೆನ್ಸ್ ಕೊಟ್ಟಿದ್ದು ಎರಡು ಕಂಪನಿಗಳಿಗೆ. ಒಂದು ಎನ್‌ಕೋರ್. ಇನ್ನೊಂದು ವಿಜ್ಞಾನ ಸಂಸ್ಥೆಯ ಆ ಪ್ರಾಧ್ಯಾಪಕರೇ ಕಟ್ಟಿದ ಪಿಕೋಪೆಟಾ. ಅಂದರೆ ಹೆಸರಿನ ಕಾವಲುಗಾರರೂ, ಆ ಹೆಸರಿನಲ್ಲಿ ವ್ಯಾಪಾರ ಮಾಡುವವರೂ ಬಹುಮಟ್ಟಿಗೆ ಅದೇ ಜನ. ಅವರ ಉದ್ದೇಶದ ಬಗ್ಗೆ ನನಗೆ ಸಂಶಯ ಇಲ್ಲ. ಆದರೆ ಹೊರಗಿನ ಮೂರನೆಯ ಕಂಪನಿಯೊಂದು ಬಂದು ಧೈರ್ಯವಾಗಿ ದುಡ್ಡು ಹಾಕಬೇಕು ಅಂದರೆ ಈ ಏರ್ಪಾಡು ಅಡ್ಡಿ ಅನ್ನೋದು ನನ್ನ ಅನಿಸಿಕೆ.

2004ರ ಏಪ್ರಿಲ್‌ನಲ್ಲಿ ಪಿಕೋಪೆಟಾ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಓರೆ ಮಾಡಿದರೆ ಗೊತ್ತಾಗುವ ಸೆನ್ಸರ್ ಕೂಡ ಅದರಲ್ಲಿತ್ತು. ಬೆಲೆ ಸುಮಾರು 10 ಸಾವಿರದಿಂದ ಶುರು, ಬಣ್ಣದ ಪರದೆ ಬೇಕಾದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗ ಆಗ್ತಾ ಬಂದಿತ್ತು, ಮಾತಾಡೋಕಾದರೂ ಬರೋ ಸಾಧನಕ್ಕೆ ಜನ ದುಡ್ಡು ಹಾಕಿದರು. 50,000 ಮಾರಬೇಕು ಅಂತ ಗುರಿ ಇತ್ತು, 2005ರ ಹೊತ್ತಿಗೆ ಹೋದದ್ದು ಸುಮಾರು 4,000. ಎನ್‌ಕೋರ್‌ನ ಮುಂದಿನ ಸಾಧನಕ್ಕೆ ಇಟ್ಟ ಹೆಸರು ಮೊಬಿಲಿಸ್.

ಲಿನಕ್ಸ್ ಹೆಸರಿಗೆ ಯಾರೂ ಕಾವಲಿರಲಿಲ್ಲ, ಒಳಗೆ ಲಕ್ಷಾಂತರ ಬಳಕೆದಾರರಿದ್ದರು, ಅದಕ್ಕೇ ಕಳ್ಳ ಬಂದ. ಸಿಂಪ್ಯೂಟರ್ ಹೆಸರಿಗೆ ಗಟ್ಟಿ ಕಾವಲಿತ್ತು, ಕದಿಯೋಕೆ ಯಾರೂ ಬರಲಿಲ್ಲ. ಗುಡ್‌ವಿಲ್ ಅನ್ನೋದು ನೋಂದಣಿ ಪತ್ರದಿಂದ ಹುಟ್ಟೋದಿಲ್ಲ, ಬಳಸೋ ಜನರಿಂದ ಹುಟ್ಟೋದು. ಇದು ನಮ್ಮ ಅಕೌಂಟ್ಸ್ ಪುಸ್ತಕದಲ್ಲೂ ಇತ್ತು.

ಇನ್ನೊಂದು ಹೇಳದಿದ್ದರೆ ಅನ್ಯಾಯ ಆಗ್ತದೆ. ಸಿಂಪ್ಯೂಟರ್‌ನಲ್ಲಿ ಓದಿ ಹೇಳುವ ದನಿ ಇತ್ತಲ್ಲ, ಅದಕ್ಕಾಗಿ ರಮೇಶ್ ಹರಿಹರನ್ ಶುರು ಮಾಡಿದ ಸಾಫ್ಟ್‌ವೇರ್ 'ಧ್ವನಿ'. ಅದೂ ಮುಕ್ತವಾಗಿತ್ತು. ಸಿಂಪ್ಯೂಟರ್ ನಿಂತ ಮೇಲೂ ಸಂತೋಷ್ ತೋಟ್ಟಿಂಗಲ್ ಅವರಂಥ ಸ್ವಯಂಸೇವಕರು ಅದನ್ನು ಮುಂದುವರಿಸಿದರು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಅದು ಮಾತಾಡಿತು. ಹೆಸರು ಉಳಿಯಲಿಲ್ಲ, ಬಿಟ್ಟುಕೊಟ್ಟ ಕೆಲಸದ ಒಂದು ತುಂಡು ಬೇರೆ ಹೆಸರಿನಲ್ಲಿ ನಡೆಯಿತು.

ಈಗ ನನ್ನ ಕಥೆಗೆ. ಆ ಆ್ಯಪ್‌ನವರಿಗೆ ಮೂರು ಮೇಲ್ ಹಾಕಿದೆ, ಉತ್ತರ ಇಲ್ಲ. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಹೆಸರು ನೋಂದಣಿ ಆಗದಿದ್ದರೂ 'ಪಾಸಿಂಗ್ ಆಫ್' ಅಂತ ದಾವೆ ಹಾಕೋಕೆ ದಾರಿ ಇದೆ ಅಂದರು. ತನ್ನ ಸರಕನ್ನು ಇನ್ನೊಬ್ಬನದು ಅಂತ ನಂಬಿಸಿ ಮಾರೋದು ಅಂತ ಅರ್ಥ. ಆದರೆ ಜನ ನಿನ್ನನ್ನು ಆ ಹೆಸರಿನಿಂದ ಗುರುತಿಸ್ತಾರೆ ಅಂತ ನೀನೇ ಸಾಬೀತು ಮಾಡಬೇಕು, ನೋಂದಣಿ ಇದ್ದರೆ ಕೆಲಸ ಹಗುರ, ಅಂದರು. ಆ ಹುಡುಗನ ಸ್ಕ್ರೀನ್‌ಶಾಟ್ ಜೋಪಾನ ಮಾಡಿಟ್ಟಿದ್ದೀನಿ.

ಹೋದ ವಾರ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆ, ವರ್ಗ 41. ಒಬ್ಬ ವ್ಯಕ್ತಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ ಆದರೆ ಹತ್ತು ವರ್ಷ, ಆಮೇಲೆ ನವೀಕರಣ. ಅವ್ವ ಪಕ್ಕದಲ್ಲೇ ಕೂತು ನೋಡ್ತಿದ್ದಳು. "ನೀನ ಇಟ್ಟ ಹೆಸರಿಗೆ ನೀನ ರೊಕ್ಕ ಕಟ್ಟೂದೇನೋ?" ಅಂದಳು. ಹೌದವ್ವ ಅಂದೆ.

ಆಡಿಯೋಗಳ ಲೈಸೆನ್ಸ್ ಬದಲಾಯಿಸಿಲ್ಲ. ಮೊದಲಿನ ಹಾಗೆ ತಗೊಳ್ಳಿ, ಬಳಸಿ, ಬೇಕಾದರೆ ಮಾರಿ. ಮೂಲ ಇಲ್ಲಿಯದು ಅಂತ ಹೇಳಿ, ಮೇಲೆ ನಿಮ್ಮದೇ ಹೆಸರು ಹಾಕಿ. ಯಾರಾದರೂ ಈ ಹೆಸರಿನಲ್ಲಿ ದುಡ್ಡು ಕೇಳಿದರೆ ಕಟ್ಟೋ ಮೊದಲು ನನಗೊಂದು ಮೆಸೇಜ್ ಹಾಕಿ. ಸಿಂಧನೂರಿನ ತಮ್ಮ, ನಿನ್ನ 499 ಇನ್ನೂ ವಾಪಸ್ ಬಂದಿಲ್ಲ ಅಂತ ಗೊತ್ತು. ಪರೀಕ್ಷೆಗೆ ಬೇಕಾದ ಇತಿಹಾಸದ ಟಿಪ್ಪಣಿ ನಾನೇ ಬರೆದು ಕಳಿಸ್ತೀನಿ, ಮಸ್ಕಿ ಶಾಸನದಿಂದ ಶುರು ಮಾಡಿದ್ದೀನಿ.