ತಮ್ಮನ ಹಲ್ಲು, ನನ್ನ ಹಲ್ಲು

ಹೋದ ತಿಂಗಳು ಮೊಮ್ಮಗಳಿಗೆ ಎರಡು ವರ್ಷ ತುಂಬ್ತು. ಬಾಯಲ್ಲಿ ಹದಿನಾರು ಹಲ್ಲು, ಅನ್ನ ತಿನ್ನಿಸೋ ನೆಪದಲ್ಲಿ ನಾನೇ ಎಣಿಸಿದೆ. ಎಲ್ಲಾ ಅಕ್ಕಿ ಕಾಳಿನ ಹಂಗೆ ಬೆಳ್ಳಗವೆ. ಸಂತೋಷ ಪಡೋದು ಬಿಟ್ಟು ನನ್ ಮಗಳು, "ಅಮ್ಮಾ, ಇವಳಿಗೂ ನನ್ ಥರಾನೇ ಆಗುತ್ತಾ?" ಅಂದ್ಲು, ಎಂದಿನಂಗೆ ಬಾಯಿಗೆ ಕೈ ಅಡ್ಡ ಇಟ್ಕೊಂಡು. ಮೂವತ್ತು ದಾಟಿದ ಹೆಣ್ಣುಮಗಳು ಇವತ್ತಿಗೂ ಬಾಯಿ ಮುಚ್ಕೊಂಡೇ ನಗ್ತಾಳೆ. ಅದ್ರಲ್ಲಿ ನನ್ನ ಪಾಲೂ ಐತೆ. ಅದಕ್ಕೇ ಇದನ್ನ ಬರೀತಾ ಇದೀನಿ.

ನಾನು ಹುಟ್ಟಿದ್ದು 1968ರಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳೀಲಿ. ನಮ್ಮ ಸೀಮೆಗೆ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲಾ ಇಲ್ಲೇ ಹುಟ್ತವೆ, ನೀರು ಮಾತ್ರ ಬೇರೆಯವ್ರಿಗೆ! ಅದಕ್ಕೇ ಹಿಂದಿನವ್ರು ಕೆರೆ ಮೇಲೆ ಕೆರೆ ಕಟ್ಟಿದ್ರು. ಒಂದು ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ. ನಮ್ಮೂರ ಕೆರೆ ಹಿಂದೆ ಸೇದೋ ಬಾವಿ ಇತ್ತು, ಮೂವತ್ತು ಅಡಿಗೆಲ್ಲಾ ನೀರು. ಅಂದ್ರೆ ನಾವು ಕುಡೀತಿದ್ದಿದ್ದು ಹೋದ ವರ್ಷವೋ ಅದರ ಹಿಂದಿನ ವರ್ಷವೋ ಸುರಿದು ಇಂಗಿದ ಮಳೇನ. ಹಲ್ಲು ಉಜ್ಜೋಕೆ ಹೊಂಗೆ ಕಡ್ಡಿ, ಇಲ್ದಿದ್ರೆ ಇದ್ದಿಲು ಪುಡಿ ಉಪ್ಪು. ಹಾಲುಹಲ್ಲು ಬಿದ್ರೆ ಸಗಣಿ ಉಂಡೇಲಿಟ್ಟು ಮನೆ ಮೇಲಕ್ಕೆ ಎಸೀತಿದ್ವಿ.

1981ರಲ್ಲಿ ಊರಿಗೆ ರಿಗ್ಗು ಲಾರಿ ಬಂತು. ಕಲ್ಲಿನ ಧೂಳು ಮೋಡದ ಹಂಗೆ ಎದ್ದು, ಆಮೇಲೆ ನೀರು ಚಿಮ್ಮಿದಾಗ ಊರೋರೆಲ್ಲಾ ಅದ್ರಲ್ಲೇ ನೆಂದ್ರು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಕೈಪಂಪು ಕೂರಿಸಿದ್ರು. ತಪ್ಪು ಹೇಳಬಾರ್ದು, ತಿಳಿ ನೀರು ಅದು. ಮಳೆಗಾಲದ ವಾಂತಿಭೇದಿ ಕಮ್ಮಿ ಆಗಿದ್ದು ಆ ಪಂಪಿನಿಂದ್ಲೇ. ಸೇದೋ ಹಗ್ಗದಿಂದ ನನ್ನ ಕೈಗೆ ಬಿಡುಗಡೆ ಸಿಕ್ಕಿದ್ದೂ ಆವತ್ತೇ.

ಆಗ ನಂಗೆ ಹದಿಮೂರು, ನನ್ನ ತಮ್ಮನಿಗೆ ಎರಡು. ಅವನಿಗೆ ಏಳು ತುಂಬಿ ಮುಂದಿನ ದೊಡ್ಡ ಹಲ್ಲು ಬಂದಾಗ ಸುಣ್ಣದ ಗೀಟು ಎಳೆದಂಗೆ ಅಡ್ಡಡ್ಡ ಪಟ್ಟೆ. ಹತ್ತಕ್ಕೆಲ್ಲಾ ಆ ಪಟ್ಟೆ ಹಳದಿ ತಿರುಗಿ ಕಂದು ಆಯ್ತು. ಒಂದೇ ಮನೆ, ಒಂದೇ ಇದ್ದಿಲು ಪುಡಿ, ನನ್ನ ಹಲ್ಲು ಬಿಳೀದು ಅವನದು ಹಂಗೆ. ಯಾರಿಗೂ ಯೋಚನೆ ಬರಲಿಲ್ಲ ನೋಡಿ! ಅಜ್ಜಿ "ಬೆಲ್ಲ ಕದ್ದು ತಿಂತಾನೆ" ಅಂದ್ರು. ಇಸ್ಕೂಲಲ್ಲಿ ಹಲ್ಲುಜ್ಜದೋನು ಅಂತ ಬೆಂಚಿನ ಮೇಲೆ ನಿಲ್ಲಿಸಿದ್ರು.

ಮದುವೆ ಆಗಿ ಗೌರಿಬಿದನೂರು ಕಡೆ ಬಂದೆ. 1991ರಲ್ಲಿ ಮಗಳು ಹುಟ್ಟಿದ್ಲು. ಅವಳಿಗೂ ಏಳನೇ ವರ್ಷಕ್ಕೆ ಅದೇ ಪಟ್ಟೆ. ನಮ್ಮತ್ತೆ ಮನೇಲಿ ತೆಲುಗು, "ಗಾರ ಪಂಡ್ಲು" ಅಂತಿದ್ರು. ಗಾರೆ ಹಿಡಿದಿದ್ರೆ ಉಜ್ಜಿದ್ರೆ ಹೋಗ್ಬೇಕಲ್ವಾ? ನಾನು ಇಟ್ಟಿಗೆ ಪುಡಿ ಜರಡಿ ಹಿಡಿದು, ಉಪ್ಪು ಬೆರೆಸಿ, ಮಗೂನ ಬಚ್ಚಲಲ್ಲಿ ನಿಲ್ಲಿಸಿ ಒಸಡಲ್ಲಿ ರಕ್ತ ಬರೋ ತನಕ ಉಜ್ಜಿದೀನಿ. "ಅಮ್ಮಾ ಸಾಕಮ್ಮಾ" ಅಂತಿದ್ಲು. ಅವಳು ಹೈಸ್ಕೂಲಲ್ಲಿದ್ದಾಗ ಹಲ್ಲಿನ ಕ್ಯಾಂಪಿಗೆ ಬಂದ ಡಾಕ್ಟರಮ್ಮ ಬಾಯಿ ನೋಡಿ ಕೇಳಿದ್ದು ಒಂದೇ ಮಾತು: "ಎಂಟು ವರ್ಷದ ತನಕ ಇವಳು ಯಾವ ನೀರು ಕುಡಿದಿದ್ದು?" ಬೋರಿನ ನೀರು ಅಂದೆ. "ಇದು ಕೊಳೆ ಅಲ್ಲಮ್ಮ, ಉಜ್ಜಿದ್ರೆ ಹೋಗಲ್ಲ. ಹಲ್ಲು ಹೊರಗೆ ಬರೋ ಮುಂಚೇನೇ ಒಳಗೆ ಆಗಿರೋದು" ಅಂದ್ರು.

ಅವತ್ತಿಂದ ಸಿಕ್ಕಿದ್ದೆಲ್ಲಾ ಓದಿ ತಿಳ್ಕೊಂಡೆ. ಮಗು ಹುಟ್ಟೋ ಹೊತ್ತಿಗೆ ಹಾಲುಹಲ್ಲು ದವಡೆ ಒಳಗೆ ಬಹುಪಾಲು ತಯಾರಾಗ್ತಾ ಇರ್ತವೆ. ಆರನೇ ತಿಂಗಳ ಆಸುಪಾಸಿಂದ ಮೂರು ವರ್ಷದೊಳಗೆ ಇಪ್ಪತ್ತೂ ಹೊರಗೆ ಬರ್ತವೆ. ಅಷ್ಟರಲ್ಲೇ, ನಮ್ಮ ಕಣ್ಣಿಗೆ ಕಾಣದಂಗೆ, ಅವುಗಳ ಕೆಳಗೆ ದೊಡ್ಡ ಹಲ್ಲು ಕಟ್ಟೋದು ಶುರುವಾಗಿರುತ್ತೆ. ಅದರ ಮೇಲಿನ ಗಟ್ಟಿ ಹೊದಿಕೆ, ಎನಾಮಲ್ಲು, ಮುಂದಿನ ಹಲ್ಲುಗಳಿಗೆ ನಾಲ್ಕೈದು ವರ್ಷಕ್ಕೆ, ಹಿಂದಿನ ದವಡೆ ಹಲ್ಲುಗಳಿಗೆ ಎಂಟರ ಸುಮಾರಿಗೆ ಕಟ್ಟಿ ಮುಗಿಯುತ್ತೆ. ಆ ವರ್ಷಗಳಲ್ಲಿ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ರೆ ಹೊದಿಕೆ ಸರಿಯಾಗಿ ಗಟ್ಟಿಯಾಗ್ದೆ ಸುಣ್ಣದಂಗೆ ಉಳಿಯುತ್ತೆ, ಹೊರಗೆ ಬಂದ ಮೇಲೆ ಬಣ್ಣ ಹಿಡಿಯುತ್ತೆ. ಹದಿಮೂರಕ್ಕೆ ನನ್ನವೆಲ್ಲಾ ಕಟ್ಟಿ ಮುಗಿದಿದ್ವು. ತಮ್ಮನಿಗೆ ಆಗಷ್ಟೇ ಕಟ್ತಾ ಇದ್ವು. ಇಷ್ಟೇ ವ್ಯತ್ಯಾಸ.

ಬೈಸಿಕೊಂಡಿದ್ದು ನಮ್ಮ ಮಕ್ಕಳು ಮಾತ್ರ ಅಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಅನ್ನೋ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಅನ್ನೋ ಹಲ್ಲಿನ ಡಾಕ್ಟರು, ಅಲ್ಲಿ ಹುಟ್ಟಿ ಬೆಳೆದವ್ರ ಹಲ್ಲೆಲ್ಲಾ ಕಂದಾಗಿರೋದು ನೋಡಿ ಮೂವತ್ತು ವರ್ಷ ಅದರ ಹಿಂದೇನೇ ಬಿದ್ರು. ನೀರಲ್ಲಿರೋ ಫ್ಲೋರೈಡೇ ಕಾರಣ ಅಂತ ಗೊತ್ತಾಗಿದ್ದು 1931ರಲ್ಲಿ. ನಮ್ಮ ದೇಶದಲ್ಲಿ ಮೊದಲ ವರದಿ 1937ರದ್ದು, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿ ಹಲ್ಲಷ್ಟೇ ಅಲ್ಲ, ದೊಡ್ಡವ್ರ ಬೆನ್ನುಮೂಳೆ ಬಗ್ಗದಂಗೆ ಸೆಟೆದು ಹೋಗಿತ್ತು. ಗೌರಿಬಿದನೂರಲ್ಲಿ ಮರಳು ತೋರಿಸ್ಕೊಂಡು ಮಲಗಿರೋ ನಮ್ಮ ಉತ್ತರ ಪಿನಾಕಿನಿ ಕೊನೆಗೆ ಸಮುದ್ರ ಸೇರೋದು ಅದೇ ನೆಲ್ಲೂರಿನ ಹತ್ರ.

ಒಂದು ವಿಚಿತ್ರ ಏನಂದ್ರೆ, ಫ್ಲೋರೈಡ್ ಸ್ವಲ್ಪ ಇದ್ರೆ ಹುಳುಕು ಕಮ್ಮಿ ಅಂತ ಕಂಡು, 1945ರಿಂದ ಅಮೆರಿಕದಲ್ಲಿ ಊರ ನೀರಿಗೆ ಅದನ್ನ ಅಳತೆ ಮಾಡಿ ಹಾಕ್ತಾ ಬಂದವ್ರೆ. ಇಲ್ಲಿ ನಾವು ತೆಗೆಯೋಕೆ ಒದ್ದಾಡ್ತಾ ಇದೀವಿ. ನಮ್ಮ ಸರ್ಕಾರದ ಲೆಕ್ಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ.

ನಮ್ಮದು ಕರೀಕಲ್ಲಿನ ನೆಲ, ಫ್ಲೋರೈಡ್ ಇರೋದು ಆ ಕಲ್ಲಲ್ಲೇ. ನೀರು ಬಂಡೆ ಸಂದೀಲಿ ಎಷ್ಟು ಕಾಲ ನಿಲ್ಲುತ್ತೋ ಅಷ್ಟು ಕರಗುತ್ತೆ. ಕೆರೆಗಳಲ್ಲಿ ಹೂಳು ತುಂಬ್ತು, ರೇಷ್ಮೆ ಸೊಪ್ಪಿಗೆ, ದ್ರಾಕ್ಷಿಗೆ, ತರಕಾರಿಗೆ ಬೋರಿನ ಮೇಲೆ ಬೋರು ಕೊರೆದ್ವಿ. ಇನ್ನೂರು ಅಡಿ ಇದ್ದಿದ್ದು ಸಾವಿರ ದಾಟಿ, ಸಾವಿರದ ಐನೂರೂ ಆಯ್ತು. ಮಳೆ ಕುಡಿಯೋದು ಬಿಟ್ಟು ಹಳೇ ಕಾಲದಿಂದ ಬಂಡೇಲಿ ನಿಂತ ನೀರು ಕುಡಿಯೋಕೆ ಶುರು ಮಾಡಿದ್ವಿ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಾವೇ ಒಂದು ಜಿಲ್ಲೆ ಆದ್ವಿ, ನೀರು ಅದೇ. ಎತ್ತಿನಹೊಳೆಗೆ ಚಿಕ್ಕಬಳ್ಳಾಪುರದಲ್ಲಿ 2014ರಲ್ಲಿ ಅಡಿಗಲ್ಲು ಹಾಕಿದ್ರು. ಆ ವರ್ಷ ಹುಟ್ಟಿದ ಮಕ್ಕಳಿಗೆ ಮುಂದಿನ ಹಲ್ಲು ಬಂದು ಯಾವುದೋ ಕಾಲ ಆಯ್ತು. ಬೆಂಗಳೂರಿನ ಬಳಸಿದ ನೀರನ್ನ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸ್ತಾ ಅವ್ರೆ. ಮೂರನೇ ಹಂತದ ಶುದ್ಧೀಕರಣಾನೂ ಆಗ್ಬೇಕು ಅಂತ ನಮ್ಮ ಜನ ಕೇಳ್ತಾ ಇರೋದು ನ್ಯಾಯಾನೇ.

ಈಗ ಮನೆ ವಿಷಯ. ಮಗಳಿರೋದು ಚಿಂತಾಮಣೀಲಿ. ಐದು ರೂಪಾಯಿ ಕಾಯಿನ್ ಹಾಕಿ ಫಿಲ್ಟರ್ ನೀರಿನ ಕ್ಯಾನು ತರ್ತಾರೆ, ಕುಡಿಯೋಕೆ ಅದೇ. ಆದ್ರೆ ಅಡುಗೆ ಮನೇಲಿ ನಿಂತು ನೋಡಿದೆ: ಮಗೂಗೆ ರಾಗಿ ಸರಿ, ಬೇಳೆಕಟ್ಟು, ಹಾಲಿಗೆ ಬೆರೆಸೋದು, ಎಲ್ಲಾ ನಲ್ಲೀಲಿ ಬರೋ ಬೋರಿನ ನೀರು. "ಕುದಿಸ್ತೀನಲ್ಲಮ್ಮ" ಅಂದ್ಲು. ಕುದಿಸಿದ್ರೆ ಕ್ರಿಮಿ ಸಾಯ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ತಾಯಿ ಎಂಥ ನೀರು ಕುಡಿದ್ರೂ ಎದೆಹಾಲಿಗೆ ಅದು ಇಳಿಯೋದು ತೀರಾ ಕಮ್ಮಿ. ಆ ಕಾಪು ಈಗ ಮುಗೀತು, ಮಗು ಎದೆ ಬಿಟ್ಟು ಮೂರು ತಿಂಗಳಾಯ್ತು. ಪೇಸ್ಟು ಅಕ್ಕಿ ಕಾಳಿನಷ್ಟೇ ಹಾಕು, ನುಂಗೋಕೆ ಬಿಡಬೇಡ ಅಂದೆ.

ಅವಳು ಮಾತಾಡಲಿಲ್ಲ. ಒಲೆ ಪಕ್ಕ ಇನ್ನೊಂದು ಸ್ಟೀಲ್ ಕೊಳಗ ಇಟ್ಟು ಅದಕ್ಕೂ ಕ್ಯಾನಿನ ನೀರು ಬಗ್ಗಿಸಿದ್ಲು. ಆಮೇಲೆ, "ಆ ಇಟ್ಟಿಗೆ ಪುಡಿ ನೆನಪೈತಾ ಅಮ್ಮ?" ಅಂದ್ಲು. ಐತೆ ಅಂದೆ. ಮೊಮ್ಮಗಳಿಗೆ ಮುಂದಿನ ದೊಡ್ಡ ಹಲ್ಲು ಬರೋಕೆ ಇನ್ನೂ ನಾಲ್ಕು ವರ್ಷ ಐತೆ. ಈಗ ದಿನಕ್ಕೆ ಎರಡು ಕ್ಯಾನು ತರಿಸ್ತಾವ್ರೆ.