ಮೃತನ ಋಣ, ಮೃತನ ದುಡಿಮೆ: ಪುತ್ತೂರು ಸೀಮೆಯ ದಾಯಕ್ರಮದಲ್ಲಿ ಒಂದು ವಿಚಾರ

ಮನೆಯ ಹಿರಿಯನೊಬ್ಬನು ತೀರಿಕೊಂಡ ಮೇಲೆ ಅವನ ಸಾಲವನ್ನು ತೀರಿಸತಕ್ಕವರು ಯಾರು ಎಂಬ ಪ್ರಶ್ನೆಗೆ ಇಂದಿನ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ನೆಲದಲ್ಲಿ ಬಹುಕಾಲ ಒಂದೇ ಉತ್ತರವಿರಲಿಲ್ಲ. ತೋಟದ ಬೇಲಿಯ ಈಚೆಗೆ ಒಂದು ಉತ್ತರವಾದರೆ ಆಚೆಗೆ ಇನ್ನೊಂದು. ಹವ್ಯಕರ ಮನೆಗೆ ಮಿತಾಕ್ಷರ ನ್ಯಾಯ. ನೆರೆಯ ಬಂಟರ, ಬಿಲ್ಲವರ ಮನೆಗೆ ಅಳಿಯಸಂತಾನ. ಸುಳ್ಯದ ಕಡೆಯ ಅರೆಭಾಷೆ ಗೌಡರು ಮಕ್ಕಳಕಟ್ಟಿನವರು. ಬ್ಯಾರಿಗಳಲ್ಲಿ ಶವಸಂಸ್ಕಾರದ ವೆಚ್ಚವನ್ನೂ ಸಾಲವನ್ನೂ ಕಳೆದು ಉಳಿದುದರಲ್ಲಿಯೇ ವಾರಸುದಾರರ ಪಾಲು. ಇವುಗಳಲ್ಲಿ ಮೊದಲಿನ ಎರಡರ ತಾರತಮ್ಯವನ್ನೂ, ಕೂಲಿ ಮತ್ತು ಸಂಬಳದ ದುಡಿಮೆಗೆ ಸಂಬಂಧಪಟ್ಟ ಶಾಸನಗಳು ಬಂದ ಮೇಲೆ ಅದು ಹೇಗೆ ಮಾರ್ಪಟ್ಟಿತೆಂಬುದನ್ನೂ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಸಾಲದ ಹಿನ್ನೆಲೆಯನ್ನು ಕುರಿತು ಮೊದಲು ಒಂದು ಮಾತು. ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳು 1834ರಲ್ಲಿ ಚಿಕ್ಕವೀರರಾಜನ ಪದಚ್ಯುತಿಯಾದ ಬಳಿಕ ಕನ್ನಡ ಜಿಲ್ಲೆಗೆ ಸೇರಿದುವು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪೆನಿ ಸರಕಾರವು ನಗದಾಗಿ ಕೇಳತೊಡಗಿತು. 1837ರ ಅಮರಸುಳ್ಯದ ದಂಗೆಗೆ ಇದೂ ಒಂದು ಕಾರಣವೆಂದು ಇತಿಹಾಸಕಾರರು ಒಪ್ಪುತ್ತಾರೆ. ದಂಗೆ ಅಡಗಿತು, ನಗದಿನ ಕಟ್ಟಳೆ ಉಳಿಯಿತು. ಕಂತಿನ ದಿನಕ್ಕೆ ಕೈಯಲ್ಲಿ ಹಣವಿಲ್ಲದ ಒಕ್ಕಲು ಸಾಲದ ಬಾಗಿಲಿಗೆ ಹೋಗಲೇಬೇಕಾಯಿತು.

ಮಿತಾಕ್ಷರದ ಮನೆಯಲ್ಲಿ ತಂದೆಯ ಋಣವು ಮಗನಿಗೆ ಧರ್ಮಬಂಧನ. ಋಣಿಯಾಗಿ ಸತ್ತವನಿಗೆ ಸದ್ಗತಿಯಿಲ್ಲವೆಂಬ ನಂಬಿಕೆಯೇ ಇದರ ಮೂಲ. ಆದರೆ ಸ್ಮೃತಿಕಾರರು ಕುರುಡರಾಗಿರಲಿಲ್ಲ. ಮದ್ಯಕ್ಕಾಗಿ, ಜೂಜಿಗಾಗಿ ಮಾಡಿದ ಸಾಲ, ದಂಡ ಮತ್ತು ಸುಂಕದ ಬಾಕಿ, ವ್ಯರ್ಥದಾನ ಇವುಗಳಿಗೆ ಮಗನು ಹೊಣೆಯಲ್ಲವೆಂದು ವಿಧಿಸಿದರು. ಇನ್ನು ಹೊಣೆಯ ಎಲ್ಲೆ ಯಾವುದು? ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಯಿತು. ಅಲ್ಲಿ 1866ರ ಶಾಸನವೊಂದು, ಮಗನು ತಂದೆಯಿಂದ ಪಡೆದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆಯೆಂದು ಬರೆದಿಟ್ಟಿತು. ಮದರಾಸಿನಲ್ಲಿಯೇ ಉಳಿದ ದಕ್ಷಿಣ ಕನ್ನಡಕ್ಕೆ ಅಂತಹ ಶಾಸನವಿರಲಿಲ್ಲ. ನ್ಯಾಯಾಲಯಗಳ ತೀರ್ಪುಗಳ ಮೂಲಕವೇ ಅದೇ ಎಲ್ಲೆ ಇಲ್ಲಿ ನೆಲೆಗೊಂಡಿತು. ಕುಮಟೆಯ ಹವ್ಯಕನಿಗೂ ಪುತ್ತೂರಿನ ಹವ್ಯಕನಿಗೂ ಧರ್ಮ ಒಂದೇ, ಕಾಯಿದೆಯ ಆಧಾರ ಬೇರೆ!

ಅಳಿಯಸಂತಾನದ ಮನೆಯಲ್ಲಿ ಈ ಧರ್ಮಬಂಧನಕ್ಕೆ ಅವಕಾಶವೇ ಇರಲಿಲ್ಲ. ಭೂತಾಳಪಾಂಡ್ಯನ ಕಟ್ಟೆಂದು ಹೇಳುವ ಈ ಕ್ರಮದಲ್ಲಿ ಮಗನು ತಂದೆಯ ಕುಟುಂಬದವನಲ್ಲ, ತಾಯಿಯ ಕುಟುಂಬದವನು. ಯಜಮಾನನು ಕುಟುಂಬದ ಅಗತ್ಯಕ್ಕಾಗಿ ಮಾಡಿದ ಸಾಲಕ್ಕೆ ಕುಟುಂಬದ ಆಸ್ತಿ ಹೊಣೆ. ತನ್ನ ಸ್ವಂತಕ್ಕಾಗಿ ಮಾಡಿದುದಕ್ಕೆ ಅಲ್ಲ. ಆದುದರಿಂದ ಅವನು ಸತ್ತಾಗ ವ್ಯಾಜ್ಯವೆಲ್ಲವೂ 'ಅಗತ್ಯ' ಎಂಬ ಒಂದು ಶಬ್ದದ ಸುತ್ತ ನಡೆಯುತ್ತಿದ್ದಿತು. ಕಂದಾಯಕ್ಕಾಗಿ ತೆಗೆದ ಸಾಲವಾದರೆ ಸಾಲಗಾರನು ಗೆದ್ದನೆಂದೇ ಲೆಕ್ಕ. 1863ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಮುಂಡ ಚೆಟ್ಟಿ ವಿರುದ್ಧ ತಿಮ್ಮಾಜು ಹೆಂಸು ಮೊಕದ್ದಮೆಯಲ್ಲಿ, ಸದಸ್ಯನೊಬ್ಬನು ಹಟಹಿಡಿದು ಪಾಲು ಕೇಳಲಾರನೆಂದು ತೀರ್ಮಾನಿಸಿದ ಮೇಲೆ ಕುಟುಂಬವು ಒಡೆಯಲಾಗದ ಗಂಟಾಯಿತು. ಈ ಕ್ರಮದ ಇನ್ನೊಂದು ಮುಖವು ಕಠಿನವಾದುದು. ಯಾರು ಸಾಲಕ್ಕೆ ಹೊಣೆಯಲ್ಲವೋ ಅವರಿಗೆ ಗಳಿಕೆಯಲ್ಲಿಯೂ ಪಾಲಿಲ್ಲ. ಗಂಡನ ಸ್ವಾರ್ಜಿತವು, ಅವನು ದಾನಪತ್ರವನ್ನಾಗಲಿ ಮರಣಶಾಸನವನ್ನಾಗಲಿ ಬರೆಯದೆ ಸತ್ತರೆ, ಹೆಂಡತಿ ಮಕ್ಕಳಿಗೆ ಬಾರದೆ ಅವನ ತಾಯಿಯ ಕುಟುಂಬಕ್ಕೆ ಹಿಂತಿರುಗುತ್ತಿದ್ದಿತು.

ಈ ಗಂಟಿಗೆ ಮೊದಲ ಸಡಿಲಿಕೆ ಬಂದುದು ಎಲ್ಲಿಂದ? ಸಾಮಾನ್ಯವಾಗಿ 1949ರ ಮದರಾಸು ಅಳಿಯಸಂತಾನ ಕಾಯಿದೆಯನ್ನೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನೂ ಹೇಳುವುದುಂಟು. ಮೊದಲನೆಯದು ಕವರುಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು. ಎರಡನೆಯದು ಪುರುಷನ ಸೊತ್ತಿಗೆ ಮಕ್ಕಳನ್ನೂ ವಿಧವೆಯನ್ನೂ ತಾಯಿಯನ್ನೂ ಮೊದಲ ವಾರಸುದಾರರನ್ನಾಗಿಸಿತು. ಇದು ನಿಜ. ಆದರೆ ಅದಕ್ಕೂ ಕಾಲು ಶತಮಾನದ ಹಿಂದೆಯೇ, ದಾಯಭಾಗದ ಗೊಡವೆಯೇ ಇಲ್ಲದ ಒಂದು ಶಾಸನವು ಇದೇ ಕೆಲಸವನ್ನು ಸದ್ದಿಲ್ಲದೆ ಆರಂಭಿಸಿತ್ತೆಂಬುದು ನಮ್ಮ ಅಭಿಪ್ರಾಯ. ಅದು 1923ರ ಕೆಲಸಗಾರರ ನಷ್ಟಪರಿಹಾರ ಕಾಯಿದೆ.

ಆ ಕಾಯಿದೆಯು 'ಅವಲಂಬಿಗಳು' ಯಾರೆಂದು ಎಣಿಸಿತು: ಹೆಂಡತಿ, ಗಂಡ, ತಂದೆತಾಯಿ, ಅಪ್ರಾಪ್ತವಯಸ್ಕ ಮಗ, ಮದುವೆಯಾಗದ ಮಗಳು ಮೊದಲಾದವರು. ಸೋದರಳಿಯನ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಕುಟುಂಬದ ಯಜಮಾನನಿಗೂ ಯಜಮಾನನೆಂಬ ಕಾರಣದಿಂದ ಸ್ಥಾನವಿಲ್ಲ. ಕೆಲಸದಲ್ಲಿ ಅಪಘಾತದಿಂದ ಸತ್ತವನ ಪರಿಹಾರವನ್ನು ಧಣಿಯು ನೇರವಾಗಿ ಮನೆಯವರ ಕೈಗೆ ಕೊಟ್ಟರೆ ಅದು ಸಂದಾಯವಾಗದು; ಕಮಿಷನರರಲ್ಲಿ ಠೇವಣಿಯಿಡಬೇಕು, ಅವರು ಅವಲಂಬಿಗಳಿಗೆ ಹಂಚಬೇಕು. ಇನ್ನೂ ಮುಖ್ಯವಾದುದು, ಆ ಹಣವನ್ನು ಸಾಲಗಾರನು ಜಫ್ತಿಮಾಡುವಂತಿಲ್ಲ, ಅದರಲ್ಲಿ ವಜಾಹಾಕುವಂತೆಯೂ ಇಲ್ಲ. ಬೊಂಬಾಯಿಯಲ್ಲಿಯೋ ಮಂಗಳೂರಿನಲ್ಲಿಯೋ ಕಾರ್ಖಾನೆಗೆ ಸೇರಿದ ಅಳಿಯಸಂತಾನದ ಹುಡುಗನ ನೆಲವು ಅಕ್ಕನ ಮಕ್ಕಳಿಗೆ, ಅವನ ಸಾವಿನ ಪರಿಹಾರವು ಹೆಂಡತಿ ಮಕ್ಕಳಿಗೆ, ಹೀಗೆ ಒಬ್ಬನೇ ಮನುಷ್ಯನಿಗೆ ಎರಡು ದಾಯಕ್ರಮಗಳಾದುವು.

1952ರ ನೌಕರರ ಭವಿಷ್ಯನಿಧಿ ಕಾಯಿದೆಯು ಇದೇ ಜಾಡಿನಲ್ಲಿ ಮುಂದೆ ನಡೆಯಿತು. ಸದಸ್ಯನ ಖಾತೆಯಲ್ಲಿದ್ದ ಹಣವು ಮರಣಾನಂತರ ನಾಮನಿರ್ದೇಶಿತನಿಗೆ ಬಂದಾಗ ಮೃತನ ಯಾವ ಸಾಲವೂ ಅದಕ್ಕೆ ತಟ್ಟದೆಂದು ಅದರ 10ನೆಯ ಕಲಮು ಹೇಳಿತು. ಕುಟುಂಬವಿರುವವನು ಹೊರಗಿನವನನ್ನು ನಾಮನಿರ್ದೇಶಿಸುವಂತಿರಲಿಲ್ಲ. 'ಕುಟುಂಬ' ಎಂಬ ಶಬ್ದಕ್ಕೆ ತುಳುನಾಡಿನಲ್ಲಿದ್ದ ಅರ್ಥವು ನಿಧಿಯ ನಮೂನೆಯಲ್ಲಿ ಇರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1972ರ ಉಪದಾನ ಕಾಯಿದೆಯು ವರ್ಷವೊಂದಕ್ಕೆ 15 ದಿನಗಳ ವೇತನವನ್ನು ಗೊತ್ತುಪಡಿಸಿ, ಮರಣದ ಸಂದರ್ಭದಲ್ಲಿ 5 ವರ್ಷಗಳ ಸೇವೆಯ ಷರತ್ತನ್ನು ತೆಗೆದುಹಾಕಿತು. 2025ರ ನವೆಂಬರ್ 21ರಿಂದ ಈ ಮೂರೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ.

ಇತ್ತ ಸಾಲದ ಪಕ್ಷವೂ ಸ್ಥಿರವಾಗಿರಲಿಲ್ಲ. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಕಟ್ಟಿದ ಸಹಕಾರ ಚಳುವಳಿ ಹುಟ್ಟಿದುದು 1904ರ ಕಾಯಿದೆಯ ನೆರಳಿನಲ್ಲಿ. ಆ ಕಾಯಿದೆಯಂತೆ ಗ್ರಾಮ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತ. ಎಂದರೆ ಸತ್ತ ಸದಸ್ಯನ ಬಾಕಿ ಅವನ ವಾರಸುದಾರರಿಂದ ವಸೂಲಾಗದೆ ಸಂಘವು ಮುಳುಗಿದರೆ ನೆರೆಯವನ ತೋಟಕ್ಕೂ ಅದು ತಟ್ಟಬಹುದಾಗಿದ್ದಿತು. ಜಾತಿ, ಕಟ್ಟುಗಳನ್ನು ಮೀರಿ ಮೃತನ ಋಣವು ಊರಿನದಾದುದು ಇಲ್ಲಿಯೇ ಮೊದಲೆನ್ನಬಹುದು. 1938ರ ಮದರಾಸು ಕೃಷಿಕರ ಋಣಪರಿಹಾರ ಕಾಯಿದೆಯು 1932ರ ಅಕ್ಟೋಬರ್ 1ಕ್ಕೆ ಹಿಂದಿನ ಸಾಲಗಳ ಬಾಕಿ ಬಡ್ಡಿಯನ್ನು ಅಳಿಸಿಹಾಕಿತು; ಅಸಲಿನ ಇಮ್ಮಡಿ ಸಂದಿದ್ದರೆ ಸಾಲವೇ ತೀರಿತು. ಕೊನೆಗೆ 2005ರ ತಿದ್ದುಪಡಿಯು, ಅಲ್ಲಿಂದ ಮುಂದಿನ ಸಾಲಗಳ ಮಟ್ಟಿಗೆ, ಧರ್ಮಬಂಧನವೆಂಬ ಒಂದೇ ಕಾರಣದಿಂದ ಮಗನ ಮೇಲೆ ದಾವೆ ಹೂಡುವುದನ್ನು ನಿಲ್ಲಿಸಿತು. ಜಾಮೀನು ಹಾಕಿದವನಿಗೆ ಮಾತ್ರ ಈ ಯಾವುದರಿಂದಲೂ ಬಿಡುಗಡೆಯಿಲ್ಲ. 1872ರ ಕರಾರು ಕಾಯಿದೆಯಂತೆ ಅವನ ಹೊಣೆ ಸಾಲಿಗನ ಹೊಣೆಯಷ್ಟೇ. ಸಾಲಿಗನು ಸತ್ತನೆಂಬುದು ಅವನಿಗೆ ಉತ್ತರವಾಗದು.

ಈ ಎರಡು ಪ್ರವಾಹಗಳು ಕೂಡುವ ಸ್ಥಳಗಳು ಈ ಸೀಮೆಯಲ್ಲಿ ಮುಖ್ಯವಾಗಿ ಎರಡು. ಒಂದು, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಂಹಳದಿಂದ ಮರಳಿ, ಸುಳ್ಯ ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆನಿಂತ ತಮಿಳು ಕುಟುಂಬಗಳು. ನೆಲವಿಲ್ಲದ ಇಂತಹ ಮನೆಗಳಲ್ಲಿ ಭವಿಷ್ಯನಿಧಿ ಉಪದಾನಗಳೇ ಪಿತ್ರಾರ್ಜಿತ. ಇನ್ನೊಂದು, ಬೀಡಿ ಕಟ್ಟುವ ಹೆಂಗಸರು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತುವವಳೂ ಭವಿಷ್ಯನಿಧಿಗೆ ಅರ್ಹಳಾದ ನೌಕರಳೇ ಎಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ತೀರ್ಮಾನಿಸಿತು. ಅಳಿಯಸಂತಾನದ ಹಳೆಯ ಕಟ್ಟಿನಲ್ಲಿ ನೆಲವು ಹೆಣ್ಣಿನ ಮೂಲಕ ಹರಿಯುತ್ತಿದ್ದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದಾಗಿದ್ದಿತು. ಬೀಡಿಯ ಲೆಕ್ಕಪುಸ್ತಕದಲ್ಲಾದರೋ ಹೆಸರೂ ಅವಳದೆ, ತನ್ನ ನಂತರ ಯಾರಿಗೆಂದು ಬರೆಯುವ ಕೈಯೂ ಅವಳದೆ.

ಆದರೆ ಅಡಕೆಯ ಮರದಿಂದ ಬಿದ್ದು ಸಾಯುವ ಕೊನೆಗಾರನ ಮನೆಗೆ ಈ ನಿಧಿಗಳು ಸಾಮಾನ್ಯವಾಗಿ ತಲಪಲಿಲ್ಲ. ಭವಿಷ್ಯನಿಧಿಗೆ 20 ಮಂದಿ, ಉಪದಾನಕ್ಕೆ 10 ಮಂದಿ ಕೆಲಸಗಾರರಿರಬೇಕೆಂದು ಕಾಯಿದೆಗಳು ಗೊತ್ತುಪಡಿಸಿದುವು. ಇಲ್ಲಿಯ ತೋಟಗಳಾದರೋ ಹೆಚ್ಚಾಗಿ ಮೂರು ನಾಲ್ಕು ಎಕರೆಯವು, ಕೊನೆಗಾರನು ಇಂದು ಒಬ್ಬರಲ್ಲಿ ನಾಳೆ ಇನ್ನೊಬ್ಬರಲ್ಲಿ ಮರ ಹತ್ತುವವನು. ಅವನು ಸತ್ತಾಗ ಉಳಿಯುವ ಕಾಗದವೆಂದರೆ ಸಂಘದ ಸಾಲದ ಪುಸ್ತಕ, ಅದರಲ್ಲಿ ಜಾಮೀನಿಗೆ ಸಹಿ ಹಾಕಿದ ನೆರೆಯವನ ಹೆಸರು.